ಹೆಪಟೋರೀನಲ್ ಸಿಂಡ್ರೋಮ್: ಕೆಡದ ಮೂತ್ರಪಿಂಡ ಕೆಲಸ ನಿಲ್ಲಿಸುವುದೇಕೆ?

ಬಲಿತ ಯಕೃತ್ತಿನ ಕಾಯಿಲೆಯಿಂದ ಮೂತ್ರಪಿಂಡವೂ ವಿಫಲವಾಗಿ ತೀರಿಕೊಂಡವರ ಮೂತ್ರಪಿಂಡಗಳನ್ನು ಬೇರೆ ರೋಗಿಗಳಿಗೆ ಕಸಿ ಮಾಡಿದಾಗ ಅವು ಮತ್ತೆ ಕೆಲಸ ಮಾಡತೊಡಗಿದವು ಎಂಬ ವರದಿ 1969ರಲ್ಲಿ ಪ್ರಕಟವಾಯಿತು. ಯಕೃತ್ತು ಕೆಟ್ಟಾಗ ಮೂತ್ರಪಿಂಡವೂ ಸೋಲುವ ಈ ಹೆಪಟೋರೀನಲ್ ಸಿಂಡ್ರೋಮ್‌ನ ಪಾಠವನ್ನು ಓದಲು ಕೂತಾಗಲೆಲ್ಲ ನಾನು ಮೊದಲು ನೆನೆಯುವುದು ಅದನ್ನೇ. ಇಲ್ಲಿ ಮುಖ್ಯ ತೊಂದರೆ ಮೂತ್ರಪಿಂಡದ ಅಂಗಾಂಶದ್ದಲ್ಲ, ಅದಕ್ಕೆ ತಲುಪುವ ರಕ್ತದ್ದು.

ಸಿರೋಸಿಸ್‌ನಿಂದ ಗಡುಸಾದ ಯಕೃತ್ತಿನೊಳಗೆ ರಕ್ತ ಸರಾಗವಾಗಿ ಹರಿಯದೆ ಕರುಳಿನಿಂದ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ಸಿರೆಯಲ್ಲಿ ಒತ್ತಡ ಏರುತ್ತದೆ. ನೈಟ್ರಿಕ್ ಆಕ್ಸೈಡ್‌ನಂಥ ವಸ್ತುಗಳಿಂದ ಕರುಳಿನ ಭಾಗದ ಅಪಧಮನಿಗಳು ಹಿಗ್ಗಿ, ರಕ್ತದ ದೊಡ್ಡ ಪಾಲು ಅಲ್ಲೇ ತಂಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ ಕಾಲು ಬಾತಿದ್ದರೂ ದೇಹ ಮಾತ್ರ ರಕ್ತ ಸಾಲದೆಂದೇ ಗ್ರಹಿಸಿ, ರಕ್ತನಾಳಗಳನ್ನು ಬಿಗಿದು ಒತ್ತಡ ಕಾಯುವ ರೆನಿನ್–ಆಂಜಿಯೊಟೆನ್ಸಿನ್ ಹಾರ್ಮೋನ್ ವ್ಯವಸ್ಥೆ, ಸಿಂಪಥೆಟಿಕ್ ನರಗಳು, ವಾಸೊಪ್ರೆಸಿನ್ ಹಾರ್ಮೋನ್ ಮೂರನ್ನೂ ಎಬ್ಬಿಸುತ್ತದೆ. ಇವುಗಳ ಬಿಗಿತಕ್ಕೆ ಮೂತ್ರಪಿಂಡದ ರಕ್ತನಾಳಗಳು ಸಂಕುಚಿಸುತ್ತವೆ. ಆ ಸಂಕೋಚನವನ್ನು ಅಷ್ಟಿಷ್ಟು ತಡೆದಿರುವುದು ಮೂತ್ರಪಿಂಡದಲ್ಲೇ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು. ಮೈಕೈ ನೋವಿಗೆಂದು ನುಂಗಿದ ಒಂದು ಡೈಕ್ಲೋಫೆನಾಕ್ ಮಾತ್ರೆ ಆ ತಡೆಯನ್ನೂ ಕಿತ್ತುಹಾಕಬಲ್ಲದು.

ನಾವು ಎಡವುವುದು ಹೆಚ್ಚಾಗಿ ಕ್ರಿಯಾಟಿನಿನ್ ಓದುವಾಗ, ಅಂದರೆ ಸ್ನಾಯುವಿನಲ್ಲಿ ಹುಟ್ಟಿ ಮೂತ್ರಪಿಂಡ ಹೊರಹಾಕುವ ತ್ಯಾಜ್ಯದ ರಕ್ತಪರೀಕ್ಷೆ ಓದುವಾಗ. ಸ್ನಾಯು ಕರಗಿ ತೋಳು ಕಡ್ಡಿಯಾಗಿರುವ ರೋಗಿಯಲ್ಲಿ ಅದು ಹುಟ್ಟುವುದೇ ಕಡಿಮೆ. ಸೋಮವಾರ 0.6 ಇದ್ದದ್ದು ಬುಧವಾರ 1.0 ಆದರೆ, ಲ್ಯಾಬ್ ವರದಿ ಸಹಜವೆಂದೇ ತೋರಿಸಿದರೂ, 48 ಗಂಟೆಗಳಲ್ಲಿ ಡೆಸಿಲೀಟರ್‌ಗೆ 0.3 ಮಿ.ಗ್ರಾಂ. ಏರಿಕೆ ಎಂಬ, ಮೂತ್ರಪಿಂಡದ ದಿಢೀರ್ ವೈಫಲ್ಯದ ಗಡಿಯನ್ನು ಅದು ಆಗಲೇ ದಾಟಿರುತ್ತದೆ. ಹಳೆಯ ವರದಿಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಹೊಸದನ್ನು ಓದಬಾರದು.

ರೋಗನಿರ್ಣಯಕ್ಕೆ ಮೊದಲು ಬೇರೆ ಕಾರಣಗಳನ್ನು ಒಂದೊಂದಾಗಿ ಕೈಬಿಡಬೇಕು: ಮೂತ್ರವರ್ಧಕಗಳನ್ನು ನಿಲ್ಲಿಸಿ, ರಕ್ತದೊತ್ತಡ ಕುಸಿಯುವ ಶಾಕ್ ಸ್ಥಿತಿ ಇಲ್ಲವೆಂದು, ಮೂತ್ರದಲ್ಲಿ ಪ್ರೋಟೀನ್ ಮತ್ತು ರಕ್ತ ಹೆಚ್ಚಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೊಟ್ಟೆಯ ನೀರನ್ನು ತೆಗೆದು ನೋಡುವುದನ್ನಂತೂ ಮರೆಯಲೇಬಾರದು, ಘನ ಮಿ.ಮೀ.ಗೆ 250ಕ್ಕಿಂತ ಹೆಚ್ಚು ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಇದ್ದರೆ ಅಲ್ಲಿ ಸೋಂಕಿದೆ, ಮೂತ್ರಪಿಂಡವನ್ನು ಈ ಸ್ಥಿತಿಗೆ ನೂಕುವ ದೊಡ್ಡ ಕಾರಣ ಅದೇ. 2015ರ ಮಾನದಂಡದಂತೆ ಎರಡು ದಿನ, ದಿನಕ್ಕೆ ಕಿಲೋ ತೂಕಕ್ಕೆ 1 ಗ್ರಾಂ ಆಲ್ಬುಮಿನ್ (ರಕ್ತದ ಪ್ರೋಟೀನ್) ಕೊಟ್ಟು ಕ್ರಿಯಾಟಿನಿನ್ ಇಳಿಯುವುದೇ ಎಂದು ನೋಡಬೇಕಿತ್ತು; 2024ರ ಮಾನದಂಡದಲ್ಲಿ ಈ ಎರಡು ದಿನದ ನಿಯಮ ಸಡಿಲವಾಗಿದೆ. 60 ಕಿಲೋ ರೋಗಿಗೆ ದಿನಕ್ಕೆ 60 ಗ್ರಾಂ, ಅಂದರೆ ಶೇ. 20ರ 100 ಮಿ.ಲೀ. ಬಾಟಲಿಗಳು ಮೂರು. ಇಷ್ಟು ಹರಿಸುವಾಗ ಉಸಿರಾಟದ ಮೇಲೆ ಕಣ್ಣಿರಲಿ.

ಚಿಕಿತ್ಸೆಯ ತರ್ಕ ಮೇಲಿನದರಿಂದಲೇ ಬರುತ್ತದೆ. ಟರ್ಲಿಪ್ರೆಸಿನ್ ಎಂಬ ಔಷಧಿ ಕರುಳಿನ ಭಾಗದ ಹಿಗ್ಗಿದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಜೊತೆಗೆ ಕೊಡುವ ಆಲ್ಬುಮಿನ್ ರಕ್ತದ ಪ್ರಮಾಣವನ್ನು ತುಂಬುತ್ತದೆ. ಆದರೆ ರಕ್ತದಲ್ಲಿ ಆಮ್ಲಜನಕ ಕಡಿಮೆಯಿರುವವರಿಗೆ ಟರ್ಲಿಪ್ರೆಸಿನ್ ಅಪಾಯಕಾರಿ. ಐಸಿಯುನಲ್ಲಿ, ರಕ್ತನಾಳ ಕುಗ್ಗಿಸುವ ನಾರ್‌ಅಡ್ರಿನಲಿನ್ ಇನ್ನೊಂದು ದಾರಿ. ಡಯಾಲಿಸಿಸ್ ಕಾಲಾವಕಾಶ ಕೊಡುತ್ತದೆಯೇ ಹೊರತು ಮೂಲವನ್ನು ಮುಟ್ಟುವುದಿಲ್ಲ. ಮೂಲವನ್ನು ಮುಟ್ಟುವುದು ಯಕೃತ್ತಿನ ಕಸಿ. ಹೊಸ ಯಕೃತ್ತು ಬಂದ ಮೇಲೆ ಅದೇ ಹಳೆಯ ಮೂತ್ರಪಿಂಡಗಳು ಅನೇಕರಲ್ಲಿ ಚೇತರಿಸಿಕೊಳ್ಳುತ್ತವೆ.