ಐಎಸ್‌ಬಿಎನ್ ಬೇರೆ, ಪುಸ್ತಕ ಅದೇ

ಗ್ರಂಥಾಲಯದಲ್ಲಿ ಸೂಚೀಕರಣದ ಕೆಲಸ ಮಾಡುವ ನನ್ನ ಮೇಜಿಗೆ ಆಗಾಗ ಯಾರಾದರೊಬ್ಬರು ಎರಡು ಪುಸ್ತಕ ಹಿಡಿದು ಸಿಟ್ಟಿನಿಂದ ಬರುತ್ತಾರೆ. ಕಳೆದ ಸಲ ಬಂದವರು ಪತ್ತೇದಾರಿ ಕಾದಂಬರಿಗಳ ಹುಚ್ಚಿನ ಹಿರಿಯರು. “ಹೆಸರು ಬೇರೆ, ಮುಖಪುಟ ಬೇರೆ. ಮೂರನೆಯ ಅಧ್ಯಾಯಕ್ಕೆ ಬಂದರೆ ಅದೇ ಹೆಂಗಸು ಅದೇ ಕೈಗವಸನ್ನು ಅದೇ ಕುರ್ಚಿಯ ಮೇಲೆ ಮರೆತು ಹೋಗುತ್ತಾಳೆ. ಇದು ಮೋಸವಲ್ಲವೇ?” ಎಂದರು. ಕೊಳ್ಳುವ ಮೊದಲು ನೋಡಲಿಲ್ಲವೇ ಎಂದು ಕೇಳಿದೆ. “ನೋಡಿದೆನಲ್ಲ, ಐಎಸ್‌ಬಿಎನ್ ಬೇರೆ ಇತ್ತು.”

ನನ್ನ ತಾಳ್ಮೆ ತಪ್ಪುವುದು ಇಲ್ಲಿಯೇ. ಐಎಸ್‌ಬಿಎನ್ ಎಂಬುದು ಪುಸ್ತಕದ ಮೇಲೆ ಅಚ್ಚಾಗಿರುವ ಗುರುತಿನ ಸಂಖ್ಯೆ; ಅದು ಕೃತಿಗೆ ಕೊಡುವುದಲ್ಲ, ಆವೃತ್ತಿಗೆ ಕೊಡುವುದು. ಗಟ್ಟಿ ರಟ್ಟಿನ ಪ್ರತಿಗೆ ಒಂದು, ಮೆದು ರಟ್ಟಿನದಕ್ಕೆ ಇನ್ನೊಂದು, ಇ-ಪುಸ್ತಕಕ್ಕೆ ಮಗದೊಂದು. ಪ್ರಕಾಶಕರು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಒಂದು ಅಲ್ಪವಿರಾಮವೂ ಆಚೀಚೆಯಾಗದ ಕಥೆಗೆ ಐದಾರು ಸಂಖ್ಯೆಗಳಿರಬಹುದು. ಸಾಲದೆಂಬಂತೆ, 10 ಅಂಕಿಗಳಿದ್ದದ್ದು 2007ರಿಂದ 13 ಆಯಿತು. ಹಳೆಯ ಸಂಖ್ಯೆಯ ಮುಂದೆ 978 ಸೇರಿಸಿ ಕೊನೆಯ ಅಂಕಿಯನ್ನು ಮತ್ತೆ ಲೆಕ್ಕ ಹಾಕುತ್ತಾರೆ. ಹೀಗಾಗಿ ಒಂದೇ ಪ್ರತಿ ಎರಡರಂತೆ ಕಾಣುವುದೂ ಉಂಟು. ಸಂಖ್ಯೆ ಬೇರೆಯಿದ್ದ ಮಾತ್ರಕ್ಕೆ ಪುಸ್ತಕ ಬೇರೆಯಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ!

ಇನ್ನು ಹೆಸರು. ಅದನ್ನು ಬದಲಾಯಿಸುವುದರ ಹಿಂದೆ ಸಾಮಾನ್ಯವಾಗಿ ಮಾರಾಟದ ಲೆಕ್ಕಾಚಾರವಿರುತ್ತದೆ. ಇಂಗ್ಲಿಷ್ ಲೇಖಕ ಗ್ರಹಾಂ ಗ್ರೀನ್ ಅವರ ಕಾದಂಬರಿ ‘ಸ್ಟಾಂಬೂಲ್ ಟ್ರೇನ್’ ಅಮೆರಿಕದಲ್ಲಿ ‘ಓರಿಯಂಟ್ ಎಕ್ಸ್‌ಪ್ರೆಸ್’ ಆಯಿತು. 1934ರಲ್ಲಿ ಅಗಾಥಾ ಕ್ರಿಸ್ಟಿಯವರ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಅಲ್ಲಿಗೆ ಹೋಗುವ ಹೊತ್ತಿಗೆ ಆ ರೈಲು ಆಗಲೇ ಅಂಗಡಿಯಲ್ಲಿ ನಿಂತಿತ್ತು. ಗೊಂದಲ ಬೇಡವೆಂದು ಇದು ‘ಮರ್ಡರ್ ಇನ್ ದಿ ಕ್ಯಾಲೆ ಕೋಚ್’ ಆಯಿತೆನ್ನುತ್ತಾರೆ. ಶೀರ್ಷಿಕೆಯೊಂದಕ್ಕೇ ಸಾಮಾನ್ಯವಾಗಿ ಹಕ್ಕುಸ್ವಾಮ್ಯ ಸಿಗುವುದಿಲ್ಲ, ಆದ್ದರಿಂದ ಇಂಥ ಬದಲಾವಣೆ ಹೆಚ್ಚಾಗಿ ವ್ಯಾಪಾರದ ಮಾತು, ಕಾನೂನಿನದಲ್ಲ. ಆದರೂ ನಾನು ವಕೀಲನಲ್ಲ, ಸ್ವಂತ ಪುಸ್ತಕದ ವಿಷಯವಾದರೆ ವಕೀಲರನ್ನೇ ಕೇಳಿ.

ಲೇಖಕರ ಹೆಸರು ಬದಲಾಗುವುದಕ್ಕೆ ಬೇರೆ ಕಾರಣಗಳಿವೆ. ಅಮೆರಿಕದ ಕಾದಂಬರಿಕಾರ ಸ್ಟೀಫನ್ ಕಿಂಗ್ ರಿಚರ್ಡ್ ಬಾಕ್‌ಮನ್ ಎಂಬ ಗುಪ್ತನಾಮದಲ್ಲಿಯೂ ಬರೆದರು, ಒಬ್ಬ ಲೇಖಕನಿಗೆ ವರ್ಷಕ್ಕೊಂದು ಪುಸ್ತಕ ಸಾಕೆಂಬುದು ಆಗಿನ ಪ್ರಕಾಶಕರ ನಂಬಿಕೆಯಾಗಿತ್ತು. 1985ರಲ್ಲಿ ಗುಟ್ಟು ರಟ್ಟಾದ ಮೇಲೆ ಅವೇ ಕಾದಂಬರಿಗಳು ಕಿಂಗ್ ಹೆಸರು ಹೊತ್ತು ಮರುಮುದ್ರಣವಾದವು. ಹಾಗೆ ಮಾಡದ ಪ್ರಕಾಶಕನನ್ನು ನಾನಂತೂ ಕಂಡಿಲ್ಲ.

ಹಾಗಾದರೆ ನೋಡಬೇಕಾದದ್ದು ಎಲ್ಲಿ? ಶೀರ್ಷಿಕೆ ಪುಟವನ್ನು ಮಗುಚಿ. ಹಿಂಬದಿಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಮೊದಲ ಮುದ್ರಣದ ವರ್ಷವೂ, ‘ಈ ಹಿಂದೆ ಇಂಥ ಹೆಸರಿನಲ್ಲಿ ಪ್ರಕಟವಾಗಿತ್ತು’ ಎಂಬ ಸಾಲೂ ಇರುತ್ತವೆ. ಎಲ್ಲ ಪ್ರಕಾಶಕರೂ ಹಾಕುತ್ತಾರೆಂದು ಭರವಸೆ ಕೊಡಲಾರೆ. ಅನುಮಾನವಿದ್ದರೆ ಮೊದಲ ಪುಟದ ನಾಲ್ಕು ಸಾಲು ಓದಿಬಿಡಿ.

ಹಿರಿಯರಿಗೆ ಆ ಸಾಲು ತೋರಿಸಿದೆ. ಕನ್ನಡಕ ಏರಿಸಿ ಓದಿದರು, ಸುಮ್ಮನಾದರು. ಅಂಗಡಿಗೆ ಹಿಂದಿರುಗಿಸುತ್ತೀರಾ ಎಂದೆ. “ಬೇಡ, ಇದರ ಅಕ್ಷರ ದಪ್ಪಗಿದೆ” ಎಂದು ಹಳೆಯ ಪ್ರತಿಯನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದರು.