ಗ್ಯಾಲೆಟ್‌ನ ತಳ ಯಾಕೆ ಮೆತ್ತಗಾಗುತ್ತದೆ?

ಪ್ರಶ್ನೆ: ಪ್ಲಮ್ ಹಾಕಿ ಮನೆಯಲ್ಲೇ ಗ್ಯಾಲೆಟ್ ಮಾಡಿದೆ. ಅಂಚೆಲ್ಲ ಚೆನ್ನಾಗಿ ಕೆಂಪಗಾಗಿತ್ತು. ಕತ್ತರಿಸಿ ಎತ್ತಿದರೆ ತಳ ಹಸಿ ಹಿಟ್ಟಿನ ಹಾಗೆ ಅಂಟಂಟು. ಎಲ್ಲಿ ತಪ್ಪಿದೆ?

ಸಾಮಾನ್ಯವಾಗಿ ಎಲ್ಲರೂ ಹಿಟ್ಟನ್ನು ಬೈಯುತ್ತಾರೆ. ಪಾಪ, ಅದರದ್ದೇನೂ ಇರುವುದಿಲ್ಲ. ಹಣ್ಣಿನ ರಸ ಬೇಗ ಇಳಿದಿರುತ್ತದೆ, ತಳಕ್ಕೆ ಕಾವು ತಡವಾಗಿ ತಾಗಿರುತ್ತದೆ.

ಗ್ಯಾಲೆಟ್ ಅಂದರೆ ಅಚ್ಚಿಲ್ಲದ ಟಾರ್ಟ್, ಲಟ್ಟಿಸಿದ ಹಿಟ್ಟಿನ ನಡುವೆ ಹಣ್ಣು ಹರಡಿ ಅಂಚನ್ನು ಒಳಕ್ಕೆ ಮಡಚಿದರೆ ಆಯಿತು. (ಇದೇ ಹೆಸರು ಹೇಳಿ ಫ್ರಾನ್ಸಿನ ಬ್ರಿಟನಿಯಲ್ಲಿ ಕೇಳಿದರೆ ಬಕ್‌ವೀಟ್ ಅನ್ನುವ ಧಾನ್ಯದ ಹಿಟ್ಟಿನ ತೆಳು ದೋಸೆ ತಂದಿಡುತ್ತಾರೆ!) ಸುಮಾರು 200 ಗ್ರಾಂ ಮೈದಾಕ್ಕೆ 120 ಗ್ರಾಂ ತಣ್ಣನೆಯ ಬೆಣ್ಣೆ, ಚಿಟಿಕೆ ಉಪ್ಪು, 3-4 ಚಮಚ ಐಸ್ ನೀರು. ಬೆಣ್ಣೆಯ ಚೂರುಗಳು ಕಣ್ಣಿಗೆ ಕಾಣುವಂತಿರಲಿ. ಬೆಣ್ಣೆಯಲ್ಲಿ ಸುಮಾರು 16% ನೀರಿರುತ್ತದೆ, ಅದು ಆವಿಯಾಗಿ ಹಿಟ್ಟನ್ನು ಎಬ್ಬಿಸಿದಾಗಲೇ ಪದರ ಬರುವುದು. ತುಪ್ಪ ಹಾಕಿದರೆ ಆ ಆವಿ ಇಲ್ಲ, ಸುಮ್ನೆ ಪುಡಿಪುಡಿಯಾಗುತ್ತದೆ.

ಈಗ ರಸದ ವಿಷಯ. ಹಣ್ಣಿಗೆ ಸಕ್ಕರೆ ಬೆರೆಸಿ ಅರ್ಧ ಗಂಟೆ ಇಟ್ಟಿದ್ದಿರಾ? ಕೋಸಂಬರಿಗೆ ಮೊದಲೇ ಉಪ್ಪು ಹಾಕಿದರೆ ಸೌತೆಕಾಯಿ ನೀರು ಬಿಡುತ್ತದಲ್ವಾ, ಇಲ್ಲೂ ಅದೇ ಕಥೆ. ಸಕ್ಕರೆಯನ್ನು ಓವನ್‌ಗೆ ಇಡುವ ಮೊದಲು ಮೇಲಿಂದ ಉದುರಿಸಿ. ಜೊತೆಗೆ ಹಣ್ಣಿನ ಕೆಳಗೆ ರಸ ಹೀರುವ ಏನಾದರೂ ಬೇಕು. ಫ್ರಾನ್ಸಿನ ಅಲ್ಸಾಸ್ ಕಡೆ ಕ್ವೆಚ್ ಅನ್ನುವ ಪ್ಲಮ್ಮಿನ ಟಾರ್ಟ್‌ಗೆ ರವೆಯನ್ನೋ ಬ್ರೆಡ್ ಪುಡಿಯನ್ನೋ ಹರಡುತ್ತಾರೆ. ನಮ್ಮ ಚಿರೋಟಿ ರವೆ 2 ಚಮಚ ಧಾರಾಳವಾಗಿ ಸಾಕು. ಬಾದಾಮಿ ಪುಡಿಯಾದರೆ ರುಚಿಯೂ ಜಾಸ್ತಿ, ನನ್ನ ಓಟು ಅದಕ್ಕೇ. ಸೇಬು ಅಷ್ಟು ರಸ ಬಿಡುವುದಿಲ್ಲ, ಮೊದಲ ಸಲ ಮಾಡುವವರು ಅದರಿಂದಲೇ ಶುರು ಮಾಡುವುದು ಒಳ್ಳೆಯದು.

ಆದರೆ ಎಲ್ಲಕ್ಕಿಂತ ಮುಖ್ಯ ಟ್ರೇ. ಖಾಲಿ ಟ್ರೇಯನ್ನು ಓವನ್‌ನ ಕೆಳಗಿನ ಸಾಲಿನಲ್ಲಿಟ್ಟು 200 ಡಿಗ್ರಿಗೆ ಚೆನ್ನಾಗಿ ಕಾಯಿಸಿ. ಗ್ಯಾಲೆಟ್ಟನ್ನು ಬೇಕಿಂಗ್ ಪೇಪರ್ ಮೇಲೆಯೇ ಕಟ್ಟಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಆಮೇಲೆ ಪೇಪರ್ ಸಮೇತ ಆ ಬಿಸಿ ಟ್ರೇಗೆ ಜಾರಿಸಿ. ಕಾದ ಹಂಚಿಗೆ ಹಿಟ್ಟು ಹಾಕಿದ ಹಾಗೆ ತಳ ತಕ್ಷಣ ಗಟ್ಟಿಯಾಗುತ್ತದೆ. 40-45 ನಿಮಿಷವಾದರೂ ಬೇಕು. ಅಂಚು ಕೆಂಪಾಯಿತೆಂದು ಹೆದರಿ ತೆಗೆಯಬೇಡಿ, ಅಂಚಿಗಷ್ಟೇ ಫಾಯಿಲ್ ಮುಚ್ಚಿ. ನಡುವಿನ ರಸ ಗುಳುಗುಳು ಕುದಿಯಬೇಕು, ಮೊಗಚುವ ಕೈಯಿಂದ ಎತ್ತಿ ನೋಡಿದರೆ ತಳ ಕಂದು ಬಣ್ಣಕ್ಕೆ ತಿರುಗಿರಬೇಕು.

ತೆಗೆದ ಮೇಲೆ ತಟ್ಟೆಗೆ ಹಾಕಿದಿರೋ, ಅಡಿಯ ಆವಿ ನೀರಾಗಿ ಮತ್ತೆ ಒದ್ದೆ. ಜಾಲರಿಯ ಮೇಲಿಡಿ, ಇಲ್ಲದಿದ್ದರೆ ಆರಿದ ಗ್ಯಾಸ್ ಒಲೆಯ ಸ್ಟ್ಯಾಂಡ್ ಮೇಲಾದರೂ ಸರಿ. ಉಳಿದದ್ದನ್ನು ಮರುದಿನ ಓವನ್‌ನಲ್ಲೇ ಬಿಸಿ ಮಾಡಿ. ಮೈಕ್ರೋವೇವ್ ಮಾತ್ರ ಬೇಡ.