ಪದ್ಮ ಪಟ್ಟಿಯ ನಾಲ್ಕನೇ ಕಾಲಂ: ಪ್ರಾದೇಶಿಕ ನಿರ್ಲಕ್ಷ್ಯದ ಪ್ರಶ್ನೆಗೆ ಒಂದು ಟಿಪ್ಪಣಿ

‘ರಾಷ್ಟ್ರೀಯ ನಾಗರಿಕ ಗೌರವಗಳಲ್ಲಿ ಕೆಲವು ಪ್ರದೇಶಗಳನ್ನು ಕಡೆಗಣಿಸಲಾಗಿದೆಯೇ? ಚರ್ಚಿಸಿ.’ ಕೆಎಎಸ್ ಮುಖ್ಯ ಪರೀಕ್ಷೆಗೆ ಓದುವವರು ಇಂಥ ಪ್ರಶ್ನೆಗೆ ತಯಾರಿರಬೇಕು. ಮಂಗಳೂರು, ಉಡುಪಿ ಕಡೆಯ ನಮಗಂತೂ ಉತ್ತರ ನಾಲಿಗೆ ತುದಿಯಲ್ಲೇ ಉಂಟು: ‘ಕರಾವಳಿಯನ್ನು ಕೇಳುವವರೇ ಇಲ್ಲ ಮಾರಾಯ್ರೇ!’ ಚಹಾ ಕುಡಿಯುತ್ತಾ ಹೇಳಲು ಅದು ಸಾಕು. ಉತ್ತರ ಪತ್ರಿಕೆಯಲ್ಲಿ ಪುರಾವೆ ಬೇಕು. ಪುರಾವೆ ಹುಡುಕಲು ಹೊರಟಾಗಲೇ ಕಗ್ಗಂಟು ಶುರು.

ಬೇಗ ಮುಗಿಯುವ ಭಾಗ

ಭಾರತರತ್ನ ಮತ್ತು ಪದ್ಮ ಗೌರವಗಳು ಶುರುವಾದದ್ದು 1954ರಲ್ಲಿ. ಪದ್ಮವಿಭೂಷಣ, ಪದ್ಮಭೂಷಣ, ಪದ್ಮಶ್ರೀ ಎಂಬ ಹೆಸರುಗಳು 1955ರಿಂದ. ಗಣರಾಜ್ಯೋತ್ಸವದ ಹಿಂದಿನ ದಿನ ಪಟ್ಟಿ ಹೊರಬರುತ್ತದೆ. ಸಂಪುಟ ಕಾರ್ಯದರ್ಶಿ ಅಧ್ಯಕ್ಷರಾಗಿರುವ ಸಮಿತಿ ಹೆಸರುಗಳನ್ನು ಆರಿಸಿ ಪ್ರಧಾನಿ ಮತ್ತು ರಾಷ್ಟ್ರಪತಿಗೆ ಕಳಿಸುತ್ತದೆ. ವರ್ಷಕ್ಕೆ 120ರ ಮಿತಿ ಇದೆ. ಮರಣೋತ್ತರ, ವಿದೇಶಿ ಮತ್ತು ಅನಿವಾಸಿ ಹೆಸರುಗಳು ಈ ಲೆಕ್ಕಕ್ಕೆ ಬರುವುದಿಲ್ಲ. 2020ರಲ್ಲಿ ಒಟ್ಟು 141 ಆದದ್ದು ಹಾಗೆ. ರಾಜ್ಯಕ್ಕೆ ಇಷ್ಟು ಅಂತ ಕೋಟಾ ಇಲ್ಲ. ಈ ಕೊನೆಯ ಸಾಲಿಗೆ ಅಡಿಗೆರೆ ಹಾಕಿಕೊಳ್ಳಿ.

ರಾಜ್ಯದ ಕಾಲಂ ಹೇಳುವುದು ಏನನ್ನು?

ತಲೆಗೆ ಹತ್ತಲು ಜಾಸ್ತಿ ಹೊತ್ತು ಹಿಡಿದದ್ದು ಇದು. ಹಾಗಾಗಿ ಉದ್ದ ಬರೆಯುತ್ತೇನೆ.

2020ರ ಪದ್ಮವಿಭೂಷಣ ಪಟ್ಟಿಯನ್ನು ಎದುರಿಗೆ ಇಟ್ಟುಕೊಳ್ಳಿ. ನಾಲ್ಕು ಕಾಲಂ: ಕ್ರಮಸಂಖ್ಯೆ, ಹೆಸರು, ಕ್ಷೇತ್ರ, ರಾಜ್ಯ ಅಥವಾ ದೇಶ. ಒಟ್ಟು 7 ಹೆಸರು. ಮೊದಲನೆಯದು ಜಾರ್ಜ್ ಫರ್ನಾಂಡಿಸ್, ಮರಣೋತ್ತರ. ಕೊನೆಯದು ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ, ಅದೂ ಮರಣೋತ್ತರ. ಇಬ್ಬರೂ ಕರಾವಳಿಯವರೇ. 7ರಲ್ಲಿ 2 ಅಂದರೆ ಕಡಿಮೆಯೇನಲ್ಲ, ಅಲ್ವಾ? ಆದರೆ ಕರ್ನಾಟಕದ ಲೆಕ್ಕಕ್ಕೆ ಸಿಗುವುದು ಒಂದೇ. ಫರ್ನಾಂಡಿಸ್ ಹೆಸರಿನ ಮುಂದೆ ಇರುವುದು ಬಿಹಾರ.

ಅವರು ಹುಟ್ಟಿದ್ದು ಮಂಗಳೂರಿನಲ್ಲಿ, 1930ರಲ್ಲಿ. ಕಾರ್ಮಿಕ ನಾಯಕರಾಗಿ ಹೆಸರು ಮಾಡಿದ್ದು ಮುಂಬೈಯಲ್ಲಿ. 1967ರಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದದ್ದೂ ಅಲ್ಲಿಂದಲೇ. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಗೆದ್ದದ್ದು ಬಿಹಾರದ ಮುಜಫ್ಫರ್‌ಪುರದಿಂದ. ಕೊನೆಗಾಲ ಕಳೆದದ್ದು ದೆಹಲಿಯಲ್ಲಿ. ಕರ್ನಾಟಕ, ಮಹಾರಾಷ್ಟ್ರ, ಬಿಹಾರ, ದೆಹಲಿ, ಯಾವುದನ್ನು ಬರೆದರೂ ಒಂದು ಕಾರಣ ಕೊಡಬಹುದಿತ್ತು. ಅಂದರೆ ಈ ಕಾಲಂ ಹುಟ್ಟೂರನ್ನು ಹೇಳುವುದಿಲ್ಲ. ಮನೆ ವಿಳಾಸವನ್ನೇ ಹೇಳಬೇಕು ಅಂತಲೂ ಇಲ್ಲ. ಹೆಚ್ಚಿನ ಸಲ ಅದು ಹೇಳುವುದು ಆ ವ್ಯಕ್ತಿಯ ಕೆಲಸ, ಬದುಕು ಎಲ್ಲಿ ಬೇರುಬಿಟ್ಟಿತು ಅನ್ನುವುದನ್ನು.

ಇನ್ನೊಂದು ಉದಾಹರಣೆ ನೋಡಿ. ನೂರಾರು ಭತ್ತದ ತಳಿ ಉಳಿಸಿದ ಬೆಳೇರಿಯ ಸತ್ಯನಾರಾಯಣ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಊರು ಕಾಸರಗೋಡು ಜಿಲ್ಲೆಯ ಗಡಿಭಾಗ. ಪಟ್ಟಿಯಲ್ಲಿ ಕೇರಳ. ಅದು ಸರಿಯೇ. 1956ರ ನವೆಂಬರ್ 1ರವರೆಗೆ ಕಾಸರಗೋಡು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇತ್ತು. ಮಂಗಳೂರು ಕೂಡ ಆಗ ಮದ್ರಾಸ್ ರಾಜ್ಯದಲ್ಲಿತ್ತು. ಹಾಗಾಗಿ 1954ರಿಂದ ಇವತ್ತಿನ ತನಕ ಒಂದೇ ಗೆರೆಯಲ್ಲಿ ‘ಕರ್ನಾಟಕಕ್ಕೆ ಇಷ್ಟು’ ಅಂತ ಕೂಡಿಸುತ್ತಾ ಹೋದರೆ ಲೆಕ್ಕ ಜಾರುತ್ತದೆ. ‘ಕರ್ನಾಟಕ’ ಅನ್ನುವ ಹೆಸರೇ 1973ರದು.

ಉಲ್ಟಾ ದಿಕ್ಕಿನಲ್ಲೂ ಹೀಗೇ. ಮುಂಬೈಯಲ್ಲಿ ಹುಟ್ಟಿದ ಅಜೀಂ ಪ್ರೇಮ್‌ಜಿ ಅವರ 2011ರ ಪದ್ಮವಿಭೂಷಣ ಕರ್ನಾಟಕದ ಲೆಕ್ಕದಲ್ಲಿದೆ. ನಮ್ಮ ಫರ್ನಾಂಡಿಸರನ್ನು ಬಿಹಾರಕ್ಕೆ ಕೊಟ್ಟರು ಅಂತ ಗೋಳಾಡುವವರು ಇದನ್ನು ಹೇಳುವುದಿಲ್ಲ!

ನನ್ನ ಅಡ್ಡದಾರಿ: ಮೂರು ಗುಂಪು

ಕರಾವಳಿಯ ಹೆಸರು ಎದುರಾದಾಗಲೆಲ್ಲ ಮೂರರಲ್ಲಿ ಒಂದು ಗುಂಪಿಗೆ ಹಾಕಿ. ಒಂದು, ಊರು ಬಿಟ್ಟು ಹೊರರಾಜ್ಯದಲ್ಲಿ ನೆಲೆಸಿದವರು. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಹೋಗಿ ಮುಂಬೈಯಲ್ಲಿ ಚಿತ್ರ ಬರೆದ ಕೆ.ಕೆ. ಹೆಬ್ಬಾರ್ ಈ ಗುಂಪು. ಎರಡು, ಬೆಂಗಳೂರಿಗೆ ಹೋದವರು. ಅದಮಾರಿನ ಯು.ಆರ್. ರಾವ್, ಕಿನ್ನಿಗೋಳಿಯ ಡಾ. ದೇವಿ ಶೆಟ್ಟಿ. ಇವರು ಕರ್ನಾಟಕದ ಲೆಕ್ಕಕ್ಕೆ ಬರುತ್ತಾರೆ, ಆದರೆ ಪಟ್ಟಿ ನೋಡಿ ಕರಾವಳಿಯವರೆಂದು ಹೇಳಲಾಗದು, ಜಿಲ್ಲೆಯ ಕಾಲಂ ಇಲ್ಲವಲ್ಲ. ಮೂರು, ಇಲ್ಲೇ ಉಳಿದವರು.

ನಿರ್ಲಕ್ಷ್ಯದ ಪ್ರಶ್ನೆಗೆ ನಿಜಕ್ಕೂ ಬೇಕಾದದ್ದು ಮೂರನೆಯ ಗುಂಪು. ಅಲ್ಲಿ ಶಿವರಾಮ ಕಾರಂತರು (ಪದ್ಮಭೂಷಣ, 1968) ಇದ್ದಾರೆ, ತುರ್ತು ಪರಿಸ್ಥಿತಿಯಲ್ಲಿ ಅದನ್ನು ವಾಪಸು ಮಾಡಿದರು ಅನ್ನುವುದೂ ನೆನಪಿರಲಿ. ಟಿ.ಎಂ.ಎ. ಪೈ (ಪದ್ಮಶ್ರೀ, 1972), ವೀರೇಂದ್ರ ಹೆಗ್ಗಡೆ (ಪದ್ಮಭೂಷಣ, 2000) ಇದ್ದಾರೆ. ಇವರೆಲ್ಲ ದೆಹಲಿಗೆ ಮೊದಲೇ ಗೊತ್ತಿದ್ದ ಹೆಸರುಗಳು. ಕಿತ್ತಳೆ ಮಾರಿದ ದುಡ್ಡು ಕೂಡಿಟ್ಟು ಶಾಲೆ ಕಟ್ಟಿಸಿದ ಹರೇಕಳ ಹಾಜಬ್ಬ ಬಂದದ್ದು 2020ರಲ್ಲಿ. ಗುಡ್ಡಕ್ಕೆ ಸುರಂಗ ಕೊರೆದು ಅಡಿಕೆ ತೋಟಕ್ಕೆ ನೀರು ತಂದ ಅಮೈ ಮಹಾಲಿಂಗ ನಾಯ್ಕ ಬಂದದ್ದು 2022ರಲ್ಲಿ. ಸಂಸ್ಥೆಯ ಬಲ ಇಲ್ಲದವರು ತಡವಾಗಿ ಕಂಡರು. ನನ್ನ ಪ್ರಕಾರ ಉತ್ತರದ ತಿರುಳು ಇದೇ. ರಾಜ್ಯ ರಾಜ್ಯಗಳ ನಡುವಿನ ಜಗಳಕ್ಕಿಂತ ದೊಡ್ಡ ಕಂದಕ, ಹೆಸರು ಕಳಿಸುವವರು ಇರುವ ಊರಿಗೂ ಇಲ್ಲದ ಊರಿಗೂ ನಡುವೆ ಇದೆ.

ಕೋಟಾ ಇಲ್ಲ ಅಂದೆವಲ್ಲ, ಆಗ ಎಲ್ಲವೂ ನಾಮನಿರ್ದೇಶನದ ಮೇಲೆ ನಿಲ್ಲುತ್ತದೆ. ಈಗ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹೆಸರು ಕಳಿಸಬಹುದು, ತನ್ನ ಹೆಸರನ್ನೇ ಕಳಿಸಲೂಬಹುದು. ಸಾಧನೆಯ ವಿವರ 800 ಪದ ಮೀರಬಾರದು. ಸುರಂಗ ಕೊರೆದವರು ಕೂತು 800 ಪದ ಬರೆಯುತ್ತಾರಾ? ಅವರ ಪರವಾಗಿ ಯಾರೋ ಬರೆಯಬೇಕು. ಮಠ, ವಿಶ್ವವಿದ್ಯಾಲಯ, ಕಂಪನಿ ಇರುವಲ್ಲಿ ಬರೆಯುವ ಕೈಗಳು ಸಿಗುತ್ತವೆ.

ಚಿಕ್ಕದೊಂದು: ಸೇವೆಯಲ್ಲಿರುವ ಸರ್ಕಾರಿ ನೌಕರರಿಗೆ ಪದ್ಮ ಇಲ್ಲ, ಸಾರ್ವಜನಿಕ ವಲಯದ ಸಂಸ್ಥೆಯವರಿಗೂ ಇಲ್ಲ. ವೈದ್ಯರು, ವಿಜ್ಞಾನಿಗಳಿಗೆ ಮಾತ್ರ ವಿನಾಯಿತಿ.

ಭಾರತರತ್ನ ಬೇರೆ ಕಥೆ

ಇದಕ್ಕೆ ಅರ್ಜಿ, ನಾಮನಿರ್ದೇಶನ ಬೇಕಿಲ್ಲ. ಪ್ರಧಾನಿ ನೇರವಾಗಿ ರಾಷ್ಟ್ರಪತಿಗೆ ಶಿಫಾರಸು ಮಾಡುತ್ತಾರೆ. ವರ್ಷಕ್ಕೆ 3 ಅನ್ನುವ ಮಿತಿ ಇದ್ದರೂ 2024ರಲ್ಲಿ 5 ಮಂದಿಗೆ ಕೊಟ್ಟರು. ಹಾಗಾಗಿ ಮೇಲಿನ 800 ಪದದ ವಾದವನ್ನು ಇಲ್ಲಿಗೆ ತರಬೇಡಿ. ಕರ್ನಾಟಕಕ್ಕೆ ಎಷ್ಟು ಅಂತ ಕೇಳಿದರೆ ಮತ್ತೆ ಅದೇ ತಕರಾರು. ವಿಶ್ವೇಶ್ವರಯ್ಯ (1955), ಸಿ.ಎನ್.ಆರ್. ರಾವ್ (2014) ಬಗ್ಗೆ ಜಗಳ ಇಲ್ಲ. ಭೀಮಸೇನ ಜೋಶಿ (2009) ಹುಟ್ಟಿದ್ದು ಗದಗ ಸೀಮೆಯಲ್ಲಿ, ಬದುಕಿದ್ದು ಪುಣೆಯಲ್ಲಿ. ಪ್ರಶ್ನೆಯಲ್ಲಿ ‘ಕರ್ನಾಟಕದಲ್ಲಿ ಹುಟ್ಟಿದ’ ಅಂತ ಇದ್ದರೆ ಅವರನ್ನು ಸೇರಿಸಿ, ಬರೀ ‘ಕರ್ನಾಟಕದ’ ಅಂತ ಇದ್ದರೆ ಆಯ್ಕೆಗಳನ್ನು ನೋಡಿ ಟಿಕ್ ಮಾಡಿ.